ಕಚೇರಿ ಮುಕ್ತ ತಂತ್ರಾಂಶಕ್ಕೆ ಹೊರಳುವಾಗ ಸಿಬ್ಬಂದಿಯನ್ನು ಸಜ್ಜುಗೊಳಿಸುವುದು ಹೇಗೆ?

ಕಚೇರಿಯ ಕಂಪ್ಯೂಟರ್‌ಗಳಿಗೆ ಎಂಎಸ್ ಆಫೀಸಿನ ಬದಲು ಬಳಸಬಹುದಾದ, ಲೈಸೆನ್ಸ್ ಶುಲ್ಕವಿಲ್ಲದ ಮುಕ್ತ ತಂತ್ರಾಂಶ ಲಿಬ್ರೆಆಫೀಸ್ ಹಾಕುವುದು ಒಂದು ಮಧ್ಯಾಹ್ನದ ಕೆಲಸ; ವರ್ಷಗಟ್ಟಲೆ ಒಂದೇ ತಂತ್ರಾಂಶದಲ್ಲಿ ಪತ್ರ, ಪಟ್ಟಿ ಸಿದ್ಧಪಡಿಸಿದವರ ಕೈ ಅದಕ್ಕೆ ಪಳಗಲು ತಿಂಗಳುಗಳೇ ಬೇಕು. ಲೈಸೆನ್ಸಿನಲ್ಲಿ ಉಳಿಯುವ ಹಣದ ಒಂದು ಪಾಲನ್ನು ತರಬೇತಿಗೂ ನೆರವಿಗೂ ಮೊದಲೇ ತೆಗೆದಿಡದ ಕಚೇರಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಎಲ್ಲವನ್ನೂ ಒಟ್ಟಿಗೆ ಬದಲಿಸಬಾರದು. ಫ್ರಾನ್ಸಿನ ಜಾಂಡರ್ಮರಿ ಪೊಲೀಸ್ ಪಡೆ 2005ರಲ್ಲಿ ಲಿಬ್ರೆಆಫೀಸಿನ ಪೂರ್ವರೂಪವಾದ ಓಪನ್‌ಆಫೀಸ್‌ಗೆ ಹೊರಳಿತು, ಬಳಿಕ ಫೈರ್‌ಫಾಕ್ಸ್ ಬ್ರೌಸರನ್ನೂ ಥಂಡರ್‌ಬರ್ಡ್ ಇಮೇಲ್ ತಂತ್ರಾಂಶವನ್ನೂ ರೂಢಿಸಿಕೊಂಡಿತು, 2008ರಿಂದಷ್ಟೇ ವಿಂಡೋಸ್ ಬಿಟ್ಟು ಲಿನಕ್ಸ್ ಬಗೆಯ ಕಾರ್ಯಾಚರಣೆ ವ್ಯವಸ್ಥೆಯಾದ ಉಬುಂಟುವಿನತ್ತ ನಡೆಯಿತು. ಕಾರ್ಯಾಚರಣೆ ವ್ಯವಸ್ಥೆ ಬದಲಾಗುವ ಹೊತ್ತಿಗೆ ಸಿಬ್ಬಂದಿ ದಿನವೂ ತೆರೆಯುವ ತಂತ್ರಾಂಶಗಳು ಪರಿಚಿತವಾಗಿದ್ದವು. ಸಣ್ಣ ಕಚೇರಿಗೂ ಇದೇ ಕ್ರಮ ಸರಿ: ವಿಂಡೋಸ್ ಇರಲಿ, ಮೊದಲು ಲಿಬ್ರೆಆಫೀಸ್ ಬರಲಿ.

ತರಬೇತಿಗೆ ಮುನ್ನ ಪ್ರತಿ ಮೇಜಿನಿಂದಲೂ ನಿತ್ಯ ಬಳಸುವ ಕಡತಗಳನ್ನು ಕಲೆಹಾಕಿರಿ: ಲೆಟರ್‌ಹೆಡ್, ಸಭಾ ನಡಾವಳಿ, ಸುತ್ತೋಲೆ, ಸಂಬಳದ ಪಟ್ಟಿ. ಎಕ್ಸೆಲ್‌ನಲ್ಲಿ ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡಿಸುವ ಕಿರು ಆದೇಶಗಳ ಸರಣಿ) ಬರೆದಿಟ್ಟ ಪಟ್ಟಿಗಳನ್ನು ಬೇರೆಯಾಗಿ ಗುರುತಿಸಬೇಕು. ಅವುಗಳಲ್ಲಿ ಹಲವನ್ನು ಹೊಸದಾಗಿ ಬರೆಯಬೇಕಾದೀತು. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಗೆ ಮತ್ತು ಡಿಜಿಟಲ್ ಸಹಿಯ ಟೋಕನ್ನಿಗೆ ಒಂದೆರಡು ವಿಂಡೋಸ್ ಯಂತ್ರಗಳನ್ನು ಉಳಿಸಿಕೊಂಡರೆ ಅದನ್ನು ಸೋಲೆಂದು ಯಾರೂ ಭಾವಿಸಬೇಕಿಲ್ಲ.

ಕನ್ನಡದ ಕಚೇರಿಗಳಲ್ಲಿ ನಿಜವಾದ ತೊಡಕು ಕನ್ನಡ ಬೆರಳಚ್ಚಿನ ‘ನುಡಿ’ ತಂತ್ರಾಂಶದ ಹಳೆಯ ಕಡತಗಳದ್ದು. ಎಲ್ಲ ಯಂತ್ರಗಳಲ್ಲೂ ಓದಬಹುದಾದ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್ ರೂಢಿಗೆ ಬರುವ ಮುನ್ನಿನ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಪತ್ರಗಳು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣಿಸುತ್ತವೆ. ಅದನ್ನು ಕಂಡ ಗುಮಾಸ್ತರು ಹೊಸ ತಂತ್ರಾಂಶವೇ ಕಡತವನ್ನು ಹಾಳುಮಾಡಿತೆಂದು ನಂಬುವುದು ಸಹಜ. ಆದ್ದರಿಂದ ಚಾಲ್ತಿಯಲ್ಲಿರುವ ಕಡತಗಳನ್ನು ಮೊದಲೇ ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಮೂಲದೊಡನೆ ಒಬ್ಬರು ಕೂತು ತಾಳೆ ನೋಡಬೇಕು. ಹಳೆಯ ದಾಖಲೆಗಳನ್ನು ಪಿಡಿಎಫ್ ಮಾಡಿಟ್ಟರೆ ಸಾಕು. ಮುಂದೆ ಲಿನಕ್ಸ್‌ಗೆ ಹೋದರೂ ಐಬಸ್ ಎಂಬ ಬೆರಳಚ್ಚು ಸಲಕರಣೆಯ ಮೂಲಕ ನುಡಿಯಲ್ಲಿರುವ ಕಗಪ ಕೀಲಿಮಣೆ ವಿನ್ಯಾಸವನ್ನೇ ಹಾಕಿಕೊಳ್ಳಬಹುದು. ಬೆರಳಿನ ರೂಢಿ ತಪ್ಪುವುದಿಲ್ಲ ಎಂಬ ಮಾತನ್ನು ಮೊದಲ ದಿನವೇ ಹೇಳಿ, ಮಾಡಿಯೂ ತೋರಿಸಿ.

ತರಬೇತಿಯಲ್ಲಿ ಮೆನುಗಳನ್ನು ಒಂದೊಂದಾಗಿ ವಿವರಿಸುತ್ತ ಹೋದರೆ ಯಾರಿಗೂ ಏನೂ ನೆನಪಿರುವುದಿಲ್ಲ. ಲೆಕ್ಕಪತ್ರದವರನ್ನು, ಪತ್ರವ್ಯವಹಾರದವರನ್ನು ಬೇರೆ ಬೇರೆ ಗುಂಪು ಮಾಡಿ, ಅವರವರ ಕಡತವನ್ನೇ ತೆರೆಸಿ, ಆ ದಿನದ ಕೆಲಸವನ್ನೇ ಮಾಡಿಸಬೇಕು. ಎಂಎಸ್ ಆಫೀಸಿನ ಮೇಲ್ಭಾಗದ ಗುಂಡಿಗಳ ಪಟ್ಟಿಯಾದ ರಿಬ್ಬನ್ನಿಗೆ ಒಗ್ಗಿದವರಿಗೆ ಲಿಬ್ರೆಆಫೀಸಿನಲ್ಲೇ ಇರುವ ಟ್ಯಾಬ್ ಮಾದರಿಯ ನೋಟವನ್ನು ಹಾಕಿಕೊಡಿ. ಕಚೇರಿಯೊಳಗೆ ಲಿಬ್ರೆಆಫೀಸಿನ ಕಡತ ರೂಪವಾದ ಓಡಿಎಫ್, ಹೊರಗೆ ಕಳಿಸುವಾಗ ಪಿಡಿಎಫ್, ಎದುರಿನವರು ತಿದ್ದಬೇಕಿದ್ದರೆ ಮಾತ್ರ ವರ್ಡ್‌ನ ಡಾಕ್ಸ್ ಎಂಬ ನಿಯಮವನ್ನು ಅಂದೇ ರೂಢಿಗೆ ತರಬೇಕು. ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಕನ್ನಡ ಪಾಠಗಳಿವೆ.

ನೆರವಿನ ವ್ಯವಸ್ಥೆ ತರಬೇತಿಗಿಂತ ಮುಖ್ಯ. ಪ್ರತಿ ವಿಭಾಗದಲ್ಲಿ ಆಸಕ್ತಿಯುಳ್ಳ ಒಬ್ಬರಿಗೆ ಹೆಚ್ಚು ಕಲಿಸಿ, ಅವರ ಉಳಿದ ಕೆಲಸವನ್ನು ಸ್ವಲ್ಪ ಇಳಿಸಿ, ಸಹೋದ್ಯೋಗಿಗಳ ಸಂದೇಹಗಳಿಗೆ ಅವರನ್ನೇ ಹೊಣೆ ಮಾಡಿರಿ. ಕೆಲಸ ಇಳಿಸದೆ ಹೊಣೆ ಮಾತ್ರ ಹೊರಿಸಿದರೆ ಅವರು ಬೇಗನೆ ಬೇಸತ್ತು ಕೈಬಿಡುತ್ತಾರೆ. ಬಂದ ಪ್ರಶ್ನೆಗಳೆಲ್ಲ ಒಂದು ರಿಜಿಸ್ಟರಿನಲ್ಲಿ ದಾಖಲಾಗಲಿ. ಮತ್ತೆ ಮತ್ತೆ ಬರುವ ಪ್ರಶ್ನೆಯೇ ಮುಂದಿನ ತರಬೇತಿಯ ವಿಷಯ. ಮ್ಯಾಕ್ರೋ, ಮುದ್ರಕ, ಜಾಲದಂಥ ಕಠಿಣ ತೊಂದರೆಗಳಿಗೆ ಹೊರಗಿನ ತಂತ್ರಜ್ಞರೊಡನೆ ಲಿಖಿತ ಒಪ್ಪಂದವಿರಬೇಕು. ಮೇಲಧಿಕಾರಿಯ ಮೇಜಿಗೂ ಹೊಸ ತಂತ್ರಾಂಶವೇ ಬರಬೇಕು, ಏಕೆಂದರೆ ಸಾಹೇಬರು ಹಳೆಯದರಲ್ಲೇ ಉಳಿದರೆ ಅವರಿಗೆ ಕಡತ ಕಳಿಸುವವರೂ ಅಲ್ಲಿಗೇ ಮರಳುತ್ತಾರೆ.

ಆರ್ಥಿಕ ವರ್ಷ ಮುಗಿಯುವ ಮಾರ್ಚ್‌ನಲ್ಲಿ ಮಾತ್ರ ಇದನ್ನು ಆರಂಭಿಸಬೇಡಿ. ಏಪ್ರಿಲ್ ಕಳೆದ ಮೇಲೆ ತೊಡಗಿ, ಕೆಲವು ತಿಂಗಳ ಸಂಬಳದ ಪಟ್ಟಿಗಳು ಹೊಸ ತಂತ್ರಾಂಶದಲ್ಲೇ ಲೋಪವಿಲ್ಲದೆ ತಯಾರಾದ ನಂತರವೇ ಹಳೆಯದನ್ನು ಯಂತ್ರಗಳಿಂದ ತೆಗೆಯಿರಿ.