ಬದನಿಕಿ ಬೇರು, ಮೆಥನಾಲು, ನಮ್ಮ ಮುತ್ಯಾನ ಮರೆವು

ನಮ್ಮ ಮುತ್ಯಾ 60 ವರ್ಷ ನಡದಾಡಿದ ಹೊಲದ ದಾರಿ ಮರ್ತು ಆಳಂದ ರೋಡಿನ ಮ್ಯಾಲ ಸುಮ್ನ ನಿಂತ್ಬಿಟ್ಟಿದ್ದ, ಅದೇ ವರ್ಷ ನನ್ನ ಎಂಎಸ್ಸಿ ಬಾಟನಿ ಪ್ರಾಜೆಕ್ಟ್ ಇತ್ತು, ಹಿಂಗಾಗಿ ಟಾಪಿಕ್ ಹುಡುಕ್ಲಾಕ ದೂರ ಹೋಗ್ಲಿಲ್ಲ. ಆರ್ಕಿಡ್‌ದಾಗ ಇರೋ ಅಂಶ ನೆನಪು ಕಾಪಾಡ್ತದೇನು ನೋಡೇಬಿಡೋಣ ಅಂತ ಕುಂತೆ.

ಓದ್ಲಾಕ ಹತ್ತಿದ್ರ ಎಲ್ಲಾ ಚೀನಾದ್ದೇ ಸುದ್ದಿ. ಗ್ಯಾಸ್ಟ್ರೋಡಿಯಾ ಎಲಾಟಾ ಅಂತ ಒಂದು ಆರ್ಕಿಡ್ ಅದ, ಅಲ್ಲಿ ಟಿಯನ್‌ಮಾ ಅಂತಾರ, ಎಲಿ ಇಲ್ಲ ಹಸಿರಿಲ್ಲ, ನೆಲದೊಳಗ ಆರ್ಮಿಲೇರಿಯಾ ಅನ್ನೋ ಫಂಗಸ್ ಮ್ಯಾಲ ಬದುಕ್ತದ. ಅದ್ರ ಗಡ್ಡಿಯೊಳಗಿನ ಗ್ಯಾಸ್ಟ್ರೋಡಿನ್ ಕೊಟ್ಟ ಇಲಿಗಳು ದಾರಿ ನೆನಪಿಡೋ ಟೆಸ್ಟ್‌ನಾಗ ಚಲೋ ಮಾಡ್ಯಾವ, ಮಿದುಳಿನ ಉರಿಯೂತ ಕಡಿಮಿ ಆಗ್ಯದ ಅಂತ ಪೇಪರ್ ಭಾಳ ಅವ. ಇನ್ನೊಂದು ಆರ್ಕಿಡ್ ಡೆಂಡ್ರೋಬಿಯಂ ನೋಬಿಲ್‌ದ ಆಲ್ಕಲಾಯ್ಡ್ ಅನ್ನೋ ಅಂಶದ ಮ್ಯಾಲೂ ಕೆಲಸ ನಡದದ. ಕಲಬುರಗಿ ಬಿಸಿಲಾಗ ಕುಂತು ಅವೆಲ್ಲಾ ಎಲ್ಲಿಂದ ತರ್ಲಿ ಹೇಳ್ರಿ?

ನಮ್ಮ ಕೈಗೆ ಸಿಗೋ ಆರ್ಕಿಡ್ ಅಂದ್ರ ವಾಂಡಾ ಟೆಸೆಲಾಟಾ. ಊರ ಮಂದಿ ಬದನಿಕಿ ಅಂತಾರ, ಗಿಡದ ರಸ ಹೀರೋ ಖರೇ ಬದನಿಕಿಗೂ ಅದೇ ಹೆಸರು, ಆದ್ರ ಇದು ಪಾಪ ಬರೇ ತೊಗಟಿ ಹಿಡ್ಕೊಂಡು ಮಳಿ-ಗಾಳಿ ಮ್ಯಾಲ ಇರ್ತದ. ಬಂಗಾಳದ ಕಡಿ ಆಯುರ್ವೇದದ ರಾಸ್ನಾ ಅಂದ್ರ ಇದೇ, ದಕ್ಷಿಣದಾಗ ರಾಸ್ನಾ ಅಂದ್ರ ಶುಂಠಿ ಜಾತಿದು ಬ್ಯಾರೇ ಬೇರು ಕೊಡ್ತಾರ, ಹಿಂಗಾಗಿ ಅಂಗಡಿ ಮಾಲು ನಂಬಿ ಮಾತ್ರ ಹೋಗಬ್ಯಾಡ್ರಿ. ಚಿಂಚೋಳಿ ಕಾಡಿಗೆ ನಾ ಕೈ ಹಚ್ಚಲಿಲ್ಲ, ಅದು ವನ್ಯಜೀವಿ ಧಾಮ. ನಮ್ಮ ಹೊಲದಾಗೇ ಗಾಳಿಗೆ ಮಾವಿನ ಟೊಂಗಿ ಮುರದು ಬಿದ್ದಿತ್ತು, ಅದ್ರ ಮ್ಯಾಲಿದ್ದ ಗಿಡದಾಗ ಅರ್ಧ ಬೇರು ತಗೊಂಡು ಉಳದದ್ದನ್ನ ಇನ್ನೊಂದು ಟೊಂಗಿಗೆ ಕಟ್ಟಿ ಬಂದೆ.

ಬೇರು ತೊಳದು ನೆರಳಾಗ ಒಣಗ್ಸಿ ಪುಡಿ ಮಾಡಿ, ಅದ್ರ ಅಂಶ ಇಳಿಸ್ಲಾಕ ಮೆಥನಾಲ್‌ದಾಗ ನೆನಸಿಟ್ಟೆ. ಟೆಸ್ಟ್ ಎಲ್ಮನ್ ಅನ್ನೋ ವಿಜ್ಞಾನಿದು, 1961ರದ್ದು, ಈಗೂ ಎಲ್ಲಾರೂ ಅದನ್ನೇ ಮಾಡ್ತಾರ. ಮಿದುಳಿನಾಗ ಅಸಿಟೈಲ್‌ಕೋಲಿನ್ ಅಂತ ಇರ್ತದ, ಒಂದು ನರದ್ದು ಸುದ್ದಿ ಇನ್ನೊಂದಕ್ಕ ಮುಟ್ಟಸ್ತದ, ಕೋಲಿನೆಸ್ಟರೇಸ್ ಅನ್ನೋ ಎಂಜೈಮ್ ಅದನ್ನ ಒಡದ್ಹಾಕ್ತದ, ಮುತ್ಯಾನ ಮರೆವಿಗೆ ಡಾಕ್ಟರ್ ಬರದ ಡೋನೆಪೆಜಿಲ್ ಗುಳಿಗಿ ಆ ಎಂಜೈಮನ್ನ ತಡೀತದ. ಟ್ಯೂಬಿನಾಗ ಎಂಜೈಮ್ ಕೆಲಸ ಮಾಡಿದ್ರ ಹಳದಿ ಬಣ್ಣ ಏರ್ತದ, 412 ನ್ಯಾನೋಮೀಟರ್‌ದಾಗ ರೀಡಿಂಗ್ ತಗೋಬೇಕು. ಹಳದಿ ಕಡಿಮಿ ಬಂತಂದ್ರ ನಿಮ್ಮ ಬೇರು ಎಂಜೈಮಿಗೆ ಬ್ರೇಕ್ ಹಾಕ್ಲತ್ತದ ಅಂತ ಅರ್ಥ.

ಮೊದಲ್ನೇ ಎಂಜೈಮ್ ಬಾಟ್ಲಿ ಕರೆಂಟ್ ಹೋಗಿ ಫ್ರೀಜರ್‌ದಾಗೇ ಕೆಟ್ಟೋತು, ಮೇ ತಿಂಗಳು, ಎರಡು ದಿನ ಸೂಟಿ, ಯಾರೂ ನೋಡ್ಲಿಲ್ಲ. ಅದ್ರ ರೊಕ್ಕ ನೆನಸಿದ್ರ ಈಗೂ ಹೊಟ್ಟಿ ಉರೀತದ.

ಎರಡನೇ ಸಲ ಮಾಡ್ದೆ ನೋಡ್ರಿ, ಹಳದಿ ಬರೋದೇ ಇಲ್ಲ! ಹುಚ್ಚು ಖುಷಿ ಆಗಿ ರಾತ್ರಿಗೇ ಅವ್ವಗ ಫೋನ್ ಹಚ್ಚಿ ಮುತ್ಯಾಗ ಔಷಧ ಸಿಕ್ತು ಅಂದೆ. ಮರುದಿನ ನಮ್ ಗೈಡ್ ಸರ್ ರೀಡಿಂಗ್ ನೋಡಿ ಒಂದೇ ಮಾತು ಕೇಳಿದ್ರು, “ಬೇರು ಬಿಟ್ಟು ಬರೇ ಮೆಥನಾಲ್ ಹಾಕಿ ನೋಡಿದೇನಪಾ?” ನೋಡಿದ್ದಿಲ್ಲ. ಹಾಕಿ ನೋಡಿದ್ರ ಅದೂ ಎಂಜೈಮನ್ನ ತಡೀಲತ್ತಿತ್ತು, ನಾ ಅದನ್ನ ಅಷ್ಟು ಜಾಸ್ತಿ ಸುರಿದಿದ್ದೆ. ಆಮ್ಯಾಲ ಮೆಥನಾಲ್ ಹಾರಿಸಿ, ಉಳದ ಜಿಗಟನ್ನ ಒಂದಿಷ್ಟೇ ಡಿಎಂಎಸ್ಓ ಅನ್ನೋ ದ್ರಾವಕ ಹಾಕಿ ಕರಗ್ಸಿ ಬಫರ್ (ಆಮ್ಲ-ಕ್ಷಾರ ಏರುಪೇರಾಗದಂಗ ಹಿಡಿಯೋ ದ್ರಾವಣ) ಜೋಡಿ ಕೂಡಿಸ್ದೆ, ಬರೇ ಡಿಎಂಎಸ್ಓದ ಟ್ಯೂಬ್ ಬ್ಯಾರೇ, ಬೇರಿನ ಸ್ವಂತ ಬಣ್ಣ ಕಳಿಲಾಕ ಎಂಜೈಮ್ ಇಲ್ಲದ ಟ್ಯೂಬ್ ಬ್ಯಾರೇ, ಡೋನೆಪೆಜಿಲ್ ಟ್ಯೂಬ್ ಬ್ಯಾರೇ. ಇದೆಲ್ಲಾ ಕಳದ ಮ್ಯಾಲೂ ಬೇರಿಂದು ಒಂಚೂರು ಪರಿಣಾಮ ಉಳೀತು, ಡೋನೆಪೆಜಿಲ್ ಮುಂದ ಅದು ಏನೇನೂ ಅಲ್ಲ. ಆ ಒಂಚೂರನ್ನೇ ರಿಪೋರ್ಟ್‌ನಾಗ ಬರದೆ, ಪಾಸೂ ಆದೆ.

ಟ್ಯೂಬಿನಾಗ ತಡದದ್ದು ಹೊಟ್ಟಿ, ಲಿವರ್ ದಾಟಿ ರಕ್ತದಿಂದ ಮಿದುಳಿಗೆ ಮುಟ್ಬೇಕಲ್ಲ, ಅದು ಬ್ಯಾರೇನೇ ಕತಿ. ಅವ್ವಗ ಇದು ಗೊತ್ತಾಗೋದಿಲ್ಲ, ಆ ಫೋನ್ ಮಾಡಿದ್ದು ನಂದೇ ತಪ್ಪು. ಊರಿಗಿ ಹೋದಾಗೆಲ್ಲಾ “ಒಂದು ಚಮಚ ಹಾಲಿನಾಗ ಕೊಡ್ತೀನಿ, ಏನಾಗ್ತದ ತಗೋ” ಅಂತಾಳ. ಪುಡಿ ಡಬ್ಬಿ ಲ್ಯಾಬಿನ ಕಪಾಟದಾಗ ಅದ, ಕೀಲಿ ನನ್ನ ಹತ್ರ.