‘ಆನರಿವೆಂ’: ಒಂದು ಕಂದಪದ್ಯದಿಂದ ಏಕಪಾತ್ರಾಭಿನಯ ಕಲಿಸುವುದು ಹೇಗೆ?

ಏಕಪಾತ್ರಾಭಿನಯ ಎಂದೊಡನೆ ಎರಡು ಪುಟದ ಮಾತು ಬಾಯಿಪಾಠ ಮಾಡಿಸುವ ರೂಢಿಯಿದೆ. ಅಷ್ಟು ಬೇಡ. ರನ್ನನ ‘ಗದಾಯುದ್ಧ’ದ ಒಂದೇ ಒಂದು ಪದ್ಯ, ತಲಾ 40 ನಿಮಿಷದ ನಾಲ್ಕು ಪೀರಿಯಡ್ ಸಾಕು. ಸಂಜಯನ ಜೊತೆ ರಣರಂಗ ದಾಟುತ್ತಿರುವ ದುರ್ಯೋಧನ ಕರ್ಣನ ಹೆಣ ಕಂಡು ಆಡುವ ಮಾತಿದು:

ಆನರಿವೆಂ ಪೃಥೆಯರಿವಳ್
ದಾನವರಿಪುವರಿವನರ್ಕನರಿವಂ ದಿವ್ಯ
ಜ್ಞಾನಿ ಸಹದೇವನರಿವಂ
ನೀನಾರ್ಗೆಂದಾರುಮರಿಯರಂಗಾಧಿಪತೀ

ಮೊದಲ ಪೀರಿಯಡ್ಡಿನಲ್ಲಿ ಅಭಿನಯದ ಮಾತೇ ಬೇಡ. ಸಂಧಿ ಬಿಡಿಸಿ ಬೋರ್ಡಿನ ಮೇಲೆ ಬರೆಯಿರಿ: ಆನ್ ಅರಿವೆಂ / ಪೃಥೆ ಅರಿವಳ್ / ದಾನವರಿಪು ಅರಿವನ್ / ಅರ್ಕನ್ ಅರಿವಂ / ದಿವ್ಯಜ್ಞಾನಿ ಸಹದೇವನ್ ಅರಿವಂ / ನೀನ್ ಆರ್ಗೆ ಎಂದು ಆರುಂ ಅರಿಯರ್ / ಅಂಗಾಧಿಪತೀ. ಪಕ್ಕದಲ್ಲಿ ಅರ್ಥವೂ ಇರಲಿ: ಆನ್ ಎಂದರೆ ನಾನು, ಪೃಥೆ ಎಂದರೆ ಕುಂತಿ, ದಾನವರಿಪು ಎಂದರೆ ಕೃಷ್ಣ, ಅರ್ಕ ಎಂದರೆ ಸೂರ್ಯ, ‘ನೀನ್ ಆರ್ಗೆ’ ಎಂದರೆ ನೀನು ಯಾರಿಗೆ ಹುಟ್ಟಿದವನು, ಅಂಗಾಧಿಪತಿ ಎಂದರೆ ಅಂಗದೇಶದ ಒಡೆಯ ಕರ್ಣ. ಸಂಧಿ ಬಿಡಿಸದೆ ಮುಂದೆ ಹೋದರೆ ಎರಡು ತಪ್ಪು ಖಾತ್ರಿ. ‘ಅರಿವನರ್ಕ’ ಎಂಬಲ್ಲಿ ಕೇಳುವವರಿಗೆ ‘ನರಕ’ ಕೇಳಿಸುತ್ತದೆ. ಎರಡನೇ ಸಾಲಿನ ಕೊನೆಗೆ ಮಕ್ಕಳು ಉಸಿರು ಬಿಟ್ಟು ‘ದಿವ್ಯ’ವನ್ನು ಅನಾಥವಾಗಿಸುತ್ತಾರೆ. ಕಂದದ ಎರಡನೇ ಸಾಲಿಗೆ 20 ಮಾತ್ರೆ. ಲೆಕ್ಕ ತುಂಬಿದ್ದರಿಂದ ಪದ ಅಲ್ಲಿ ಮುರಿದಿದೆ, ಅರ್ಥ ಮುರಿದಿಲ್ಲ. ಸಾಲಿಗೆ ನಿಲ್ಲಬಾರದು, ಅರ್ಥಕ್ಕೆ ನಿಲ್ಲಬೇಕು.

ಎರಡನೇ ಪೀರಿಯಡ್ ಪೂರ್ತಿ ಪ್ರಶ್ನೆಗಳಿಗೆ ಮೀಸಲು, ಆತುರ ಮಾಡಬೇಡಿ. ‘ನಿನ್ನ ತಾಯಿ’ ಎನ್ನದೆ ‘ಪೃಥೆ’ ಎಂದದ್ದೇಕೆ? ಅದು ಸಾಕುತಂದೆ ಕುಂತಿಭೋಜನ ಮನೆ ಸೇರುವ ಮೊದಲೇ ಆಕೆಗಿದ್ದ ಹೆಸರು. ಕರ್ಣ ಹುಟ್ಟಿದ್ದೂ ಮದುವೆಗೆ ಮುಂಚೆ. ಅರ್ಕ ತಂದೆ, ಸಹದೇವ ತಮ್ಮ. ಆದರೆ ದುರ್ಯೋಧನನ ಬಾಯಲ್ಲಿ ಒಂದು ಸಂಬಂಧವಾಚಕವೂ ಇಲ್ಲ. ಎಲ್ಲರಿಗಿಂತ ಮೊದಲು ‘ಆನ್’ ಬರುತ್ತದೆ. ಪದ್ಯದ ಜೀವ ಇರುವುದು ಇಲ್ಲೇ: ಗೆಳೆಯ ಕುಂತಿಯ ಮಗನೆಂದು ಗೊತ್ತಿದ್ದೂ ಅವನು ಕೈಬಿಟ್ಟಿರಲಿಲ್ಲ.

ಆಮೇಲೆ ‘ಅರಿ’ ಧಾತುವಿನ ರೂಪಗಳಿಗೆ ಗೆರೆ ಹಾಕಿಸಿ. ಆರು ಸಿಗುತ್ತವೆ. ಐದರಲ್ಲಿ ಬಲ್ಲವರು, ಆರನೆಯದರಲ್ಲಿ ‘ಆರುಂ ಅರಿಯರ್’. ಐವರಿಗೆ ಗೊತ್ತಿದ್ದ ಮೇಲೆ ಯಾರೂ ಅರಿಯರು ಎಂದರೇನು? ಮಿಕ್ಕ ಲೋಕ ಅರಿಯದು ಎನ್ನುವ ಅಳಲೋ, ಬಲ್ಲವರೂ ಬಾಯಿಬಿಡಲಿಲ್ಲ ಎನ್ನುವ ಕಹಿಯೋ? ಹತ್ತು ನಿಮಿಷ ವಾದ ಮಾಡಲಿ. ತೀರ್ಪನ್ನು ನೀವು ಕೊಡಬೇಡಿ. ಪ್ರತಿ ಮಗು ಒಂದನ್ನು ಆರಿಸಿಕೊಳ್ಳಲಿ. ಕೊನೆಗೆ ‘ಅಂಗಾಧಿಪತೀ’. ತುಂಬಿದ ಸಭೆಯಲ್ಲಿ ಕರ್ಣನ ಕುಲ ಕೆದಕಿದಾಗ ದುರ್ಯೋಧನನೇ ಕೊಟ್ಟ ಪದವಿ ಅದು. ಹುಟ್ಟಿನ ಮಾತೆಲ್ಲ ಮುಗಿದ ಮೇಲೆ ತಾನು ಕೊಟ್ಟ ಹೆಸರಿನಿಂದ ಕರೆಯುತ್ತಿದ್ದಾನೆ.

ಮೂರನೇ ದಿನ ದನಿ. ಮೊದಲು ಮನೆಮಾತಿನಲ್ಲಿ ಹೇಳಿಸಿ: ‘ನಂಗೊತ್ತು, ಪೃಥೆಗೆ ಗೊತ್ತು...’ ಧಾರವಾಡದ ಕಡೆಯ ಮಗು ‘ನನಗ ಗೊತ್ತೈತಿ’ ಎನ್ನಲಿ. ಆ ದನಿ ಆರುವ ಮುನ್ನ ಹಳಗನ್ನಡಕ್ಕೆ ಬನ್ನಿ. ರಾಗ ಎಳೆಯುವ ಚಟ ಅರ್ಧ ಇಳಿದಿರುತ್ತದೆ. ‘ಆನರಿವೆಂ’ ಆದ ಮೇಲೆ ಮನಸ್ಸಿನಲ್ಲೇ ಎರಡೆಣಿಸುವಷ್ಟು ನಿಲುಗಡೆ. ಸಹದೇವನವರೆಗೆ ಚಿಕ್ಕಚಿಕ್ಕ ತಡೆ ಮಾತ್ರ. ‘ಅಂಗಾಧಿಪತೀ’ಗೆ ಮುನ್ನ ಪೂರ್ತಿ ಉಸಿರು, ಇಲ್ಲದಿದ್ದರೆ ಕೊನೆಯ ದೀರ್ಘ ಕುಸಿಯುತ್ತದೆ.

ನಾಲ್ಕನೇ ದಿನ ಎದ್ದು ನಿಲ್ಲಿಸಿ. ಮಡಿಸಿದ ಜಮಖಾನವೇ ಕರ್ಣ. ಅದರಿಂದ ಎರಡಡಿ ದೂರ ದುರ್ಯೋಧನ, ಅವನ ಹಿಂದೆ ಮೂರಡಿಗೆ ಮಾತಾಡದ ಸಂಜಯ. ಕಣ್ಣು ಜಮಖಾನದ ಮೇಲಿರಲಿ. ತರಗತಿಯತ್ತ ನೋಡಿದರೆ ಭಾಷಣವಾಗುತ್ತದೆ. ಒಂದೇ ಚಲನೆಗೆ ಅವಕಾಶ ಕೊಡಿ: ಮಂಡಿಯೂರುವುದು. ಯಾವ ಪದಕ್ಕೆ ಎಂದು ಮಗುವೇ ನಿರ್ಧರಿಸಿ ಕಾರಣ ಹೇಳಬೇಕು. ಮೊದಲ ಪದಕ್ಕೇ ಕುಸಿದವರಿಗೆ ಕೊನೆಯ ಪದಕ್ಕೆ ಮಾಡಲು ಏನೂ ಉಳಿಯುವುದಿಲ್ಲ.

ಬಹುಪಾಲು ಮಕ್ಕಳು ಆರಂಭದಿಂದಲೇ ಅಳುತ್ತಾರೆ. ಬಿಕ್ಕಿದಾಗ ಗಂಟಲು ಬಿಗಿದು ‘ಅರಿವಳ್’ನ ಕೊನೆಯ ‘ಳ್’ ನುಂಗಿಹೋಗುತ್ತದೆ, ‘ಅರಿಯರ್’ ‘ಅರಿಯ’ ಆಗುತ್ತದೆ. ಗದರಬೇಡಿ. ಹಿಂದಿನ ಬೆಂಚಿನ ಮೂವರಿಗೆ, ಕೇಳಿಸಿದ ಹೆಸರುಗಳನ್ನು ಚೀಟಿಯಲ್ಲಿ ಬರೆಯಲು ಹೇಳಿ. ಪೃಥೆ, ದಾನವರಿಪು, ಅರ್ಕ, ಸಹದೇವ, ಅಂಗಾಧಿಪತಿ ಐದೂ ಬಂದಿಲ್ಲವಾದರೆ ಮತ್ತೆ ಕುಳಿತು, ಅಳುವಿಲ್ಲದೆ ಒಮ್ಮೆ ಓದಿಸಿ.

ಅಳಲನ್ನು ಆರಿಸಿಕೊಂಡವರನ್ನೂ ಕಹಿಯನ್ನು ಆರಿಸಿಕೊಂಡವರನ್ನೂ ಒಬ್ಬರ ಹಿಂದೊಬ್ಬರಂತೆ ಆಡಿಸಿ. ಇದು ಕೈಗೆ ಹತ್ತಿದ ಮೇಲೆ ಕರ್ಣನನ್ನೇ ಕುರಿತ ‘ನೀನುಳ್ಳೊಡುಂಟು ರಾಜ್ಯಂ’ ಪದ್ಯ ಎತ್ತಿಕೊಳ್ಳಬಹುದು. ಅಲ್ಲಿ ಗೆರೆ ಹಾಕಬೇಕಾದದ್ದು ‘ನೀನ್’ಗೆ.