ನಟ-ಉದ್ಘೋಷಕರ ವೃತ್ತಿಪಟ್ಟಿ ಸಿದ್ಧಪಡಿಸುವ ಬಗೆ: ಇಬ್ಬರು ಬಲರಾಜರ ಉದಾಹರಣೆ

ಮೊದಲು ಹೆಸರು ಬಿಡಿಸಿಕೊಳ್ಳಿ. ರೇಡಿಯೊ ಸಿಲೋನ್‌ನ (ಇಂದಿನ ಶ್ರೀಲಂಕಾದ ಬಾನುಲಿ ಕೇಂದ್ರ) ಹಿಂದಿ ಕಾರ್ಯಕ್ರಮ ನಡೆಸುತ್ತಿದ್ದ ಬಲರಾಜ್ ದತ್, 1955ರ ‘ರೈಲ್ವೆ ಪ್ಲಾಟ್‌ಫಾರ್ಮ್‌’ ಹೊತ್ತಿಗೆ ಸುನಿಲ್ ದತ್ ಆದರು. ಹಾಗಾಗಿ ಅದಕ್ಕೂ ಹಿಂದಿನ ಕಾಗದಪತ್ರಗಳಲ್ಲಿ ಎರಡೂ ಹೆಸರು ಹುಡುಕಬೇಕು. ಆಗ ಬಲರಾಜ್ ಸಾಹ್ನಿ ಅಡ್ಡ ಬರುತ್ತಾರೆ. ಅವರೂ ನಟರೇ, ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಬಿಬಿಸಿಯ ಉದ್ಘೋಷಕರೂ ಹೌದು. ಬರೀ ‘ಬಲರಾಜ್’ ಎಂದಿದ್ದರೆ ಊರು, ವರ್ಷ ನೋಡಿ: ಲಂಡನ್, 1940ರ ದಶಕದ ಮೊದಲರ್ಧವಾದರೆ ಸಾಹ್ನಿ, ಬೊಂಬಾಯಿ, 1950ರ ದಶಕದ ಆರಂಭವಾದರೆ ದತ್. (ಗೊಂದಲ ಸಾಲದೆಂಬಂತೆ 1965ರ ‘ವಕ್ತ್’ನಲ್ಲಿ ಇಬ್ಬರೂ ಅಪ್ಪ-ಮಗ.)

ರೇಡಿಯೊ ಭಾಗವೇ ಹೆಚ್ಚು ಕಷ್ಟ. ಸಿಲೋನ್ ಉದ್ಘೋಷಕ ಎಂದ ಮಾತ್ರಕ್ಕೆ ಕೊಲಂಬೊ ವಾಸಿ ಎಂದು ಬರೆಯಬೇಡಿ. ಆ ಕೇಂದ್ರದ ಅನೇಕ ಪ್ರಾಯೋಜಿತ ಹಿಂದಿ ಕಾರ್ಯಕ್ರಮಗಳು ಬೊಂಬಾಯಿಯಲ್ಲಿ ಧ್ವನಿಮುದ್ರಣಗೊಂಡು ವಿಮಾನದಲ್ಲಿ ಅಲ್ಲಿಗೆ ಹೋಗುತ್ತಿದ್ದವು. ಆದ್ದರಿಂದ ಧ್ವನಿಮುದ್ರಣದ ದಿನಕ್ಕೊಂದು, ಪ್ರಸಾರದ ದಿನಕ್ಕೊಂದು ಕಾಲಂ ಇಡಿ. ಆಕಾಶವಾಣಿ ಬೇರೆಯೇ ಸಂಸ್ಥೆ, ಅದರ ಕಾರ್ಯಕ್ರಮ ಪತ್ರಿಕೆಯಲ್ಲಿ ಹೆಸರಿಲ್ಲದಿದ್ದರೆ ಅದು ಪುರಾವೆಯಾಗದು. ಅಂದಿನ ಸಿನಿಮಾ ಪತ್ರಿಕೆ, ದಿನಪತ್ರಿಕೆಗಳ ಜಾಹೀರಾತು ತಿರುವಿಹಾಕಿ. ಅಂತರ್ಜಾಲದಲ್ಲಿ ಸಿಗುವ ಧ್ವನಿಮುದ್ರಿಕೆಯ ಮೇಲಿನ ವರ್ಷವನ್ನು ನಂಬಬೇಡಿ. ಅದರಲ್ಲಿರುವ ಹಾಡುಗಳನ್ನು ಪಟ್ಟಿಮಾಡಿ. ‘1952’ ಎಂಬ ಚೀಟಿಯಿದ್ದು ಒಳಗೆ ‘ಮದರ್ ಇಂಡಿಯಾ’ (1957) ಹಾಡು ಕೇಳಿಸಿದರೆ ಚೀಟಿ ಸುಳ್ಳು. ಆದರೆ ಹಾಡಿನ ತಟ್ಟೆ (ಗ್ರಾಮಫೋನ್ ರೆಕಾರ್ಡು) ಸಿನಿಮಾಗಿಂತ ಮೊದಲೇ ಮಾರಾಟಕ್ಕೆ ಬರುವುದುಂಟು, ಕೆಲವು ತಿಂಗಳ ಹೆಚ್ಚುಕಡಿಮೆ ಬಿಡಿ.

ಸಿನಿಮಾಗಳಿಗೆ ಸೆನ್ಸಾರ್ ಪ್ರಮಾಣಪತ್ರವೇ ಆಧಾರ: ದಿನಾಂಕ, ರೀಲು, ಉದ್ದ ಬರೆದುಕೊಳ್ಳಿ. ಬಿಡುಗಡೆಯ ವರ್ಷ ಬೇರೆಯೇ ಇರಬಹುದು. ಸಾಹ್ನಿ 1973ರ ಏಪ್ರಿಲ್‌ನಲ್ಲಿ ತೀರಿಕೊಂಡರು, ‘ಗರ್ಮ್ ಹವಾ’ ಥಿಯೇಟರಿಗೆ ಬಂದದ್ದು 1974ರಲ್ಲಿ. ಇದನ್ನು ‘ತಿದ್ದಲು’ ಹೋಗಬೇಡಿ.

ನಟ ತೆರೆಯ ಮೇಲೆ ಕಾಣದಿದ್ದರೆ ಪ್ರತಿಯ ಉದ್ದ ಅಳೆಯಿರಿ. 35 ಎಂ.ಎಂ. ಫಿಲ್ಮು ಸೆಕೆಂಡಿಗೆ 24 ಚಿತ್ರಗಳಂತೆ ನಿಮಿಷಕ್ಕೆ 90 ಅಡಿ ಓಡುತ್ತದೆ. 14,000 ಅಡಿಯೆಂದರೆ ಸುಮಾರು 155 ನಿಮಿಷ. ಸೆಕೆಂಡಿಗೆ 25 ಚಿತ್ರಗಳ ಟಿವಿ ಪ್ರತಿಯಲ್ಲಿ ಅದೇ 149 ಆಗುತ್ತದೆ, ಅದು ಕತ್ತರಿಯಲ್ಲ. ಅದಕ್ಕಿಂತ ಹತ್ತು-ಹನ್ನೊಂದು ನಿಮಿಷ ಕಡಿಮೆಯಿದ್ದರೆ ಸಾವಿರ ಅಡಿಯ ಒಂದು ರೀಲೇ ಹೋಗಿರಬಹುದು. ಸಣ್ಣ ಪಾತ್ರಧಾರಿಯ ಏಕೈಕ ದೃಶ್ಯ ಅದರಲ್ಲೇ ಇದ್ದರೂ ಇದ್ದೀತು. ಟೈಟಲ್ ಕಾರ್ಡಿನಲ್ಲೋ ಹಾಡಿನ ಪುಸ್ತಕದಲ್ಲೋ ಹೆಸರಿದ್ದರೆ ಪಟ್ಟಿಯಿಂದ ತೆಗೆಯದೆ, ‘ಪ್ರತಿ ಅಪೂರ್ಣ’ ಎಂದು ಪಕ್ಕದಲ್ಲಿ ಬರೆದಿಡಿ.